ಅಜ್ಜಿಯ ಪಾವು, ಅಮ್ಮನ ಮಿಕ್ಸಿ: ಇಡ್ಲಿ ಬದಲಾಗುತ್ತಾ ಬಂದ ಸಾವಿರ ವರ್ಷ

ನಮ್ಮ ಮನೆಗೆ ಮಿಕ್ಸಿ ಬಂದ ವಾರ ಅಜ್ಜಿ ಇಡ್ಲಿ ಮುಟ್ಟಲಿಲ್ಲ. "ಒರಳಲ್ಲಿ ರುಬ್ಬದೆ ಇದ್ರೆ ಅದು ಇಡ್ಲಿನಾ?" ಅಂತ ತಟ್ಟೆ ಸರಿಸಿಬಿಟ್ಟರು. ಅಮ್ಮ ಎದುರು ಮಾತಾಡಲಿಲ್ಲ. ಹೊಲದ ಕೆಲಸ ಮುಗಿಸಿ ಬಂದು ರಾತ್ರಿ ಒರಳುಕಲ್ಲಿನ ಮುಂದೆ ಕೂರುತ್ತಿದ್ದವರು ಅಮ್ಮ. ಅವರಿಗಿಂತ ಮೊದಲು ಅದೇ ಜಾಗದಲ್ಲಿ ಕೂತವರು ಅಜ್ಜಿ.

ಇಬ್ಬರಲ್ಲಿ ಯಾರದು ಸರಿ? ಇಡ್ಲಿಯ ಇತಿಹಾಸ ನೋಡೋಣ.

ಸುಮಾರು 10ನೇ ಶತಮಾನದ 'ವಡ್ಡಾರಾಧನೆ'ಯಲ್ಲೇ ಇಡ್ಲಿಯ ಹೆಸರಿದೆ. 1025ರ ಸುಮಾರಿಗೆ ಎರಡನೇ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಮಾಡುವ ವಿಧಾನವೂ ಸಿಗುತ್ತದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಬೇಕು, ನುಣ್ಣಗೆ ರುಬ್ಬಬೇಕು, ಮೊಸರಿನ ತಿಳಿನೀರು, ಮೆಣಸು, ಜೀರಿಗೆ, ಕೊತ್ತಂಬರಿ, ಇಂಗು ಸೇರಿಸಬೇಕು. ಅದರಲ್ಲಿ ಅಕ್ಕಿಯೇ ಇಲ್ಲ!

ಇನ್ನೊಂದು ನೂರು ವರ್ಷ ಕಳೆಯಿತು. ಈಗ ಬೀದರ್ ಜಿಲ್ಲೆಯಲ್ಲಿರುವ ಬಸವಕಲ್ಯಾಣ ಆಗ ಚಾಲುಕ್ಯರ ರಾಜಧಾನಿ. ಅಲ್ಲಿನ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಇಡ್ಲಿಯನ್ನು ತುಪ್ಪದಲ್ಲಿ ಕರಿಯುತ್ತಾರೆ. ಅಕ್ಕಿ ತರಿ, ರಾತ್ರಿಯಿಡೀ ಹುಳಿ ಬರಿಸುವುದು, ಹಬೆಯಲ್ಲಿ ಬೇಯಿಸುವುದು ಈ ಹಳೆಯ ವಿವರಣೆಗಳಲ್ಲಿ ಕಾಣುವುದಿಲ್ಲ ಎಂದು ಆಹಾರ ಇತಿಹಾಸಕಾರ ಕೆ.ಟಿ. ಅಚಯ ಗುರುತಿಸಿದ್ದಾರೆ.

ಅಂದರೆ ಅಜ್ಜಿಯ ಇಡ್ಲಿಯನ್ನು ಚಾವುಂಡರಾಯನ ಮುಂದೆ ಇಟ್ಟಿದ್ದರೆ ಅವನೂ ತಟ್ಟೆ ಸರಿಸುತ್ತಿದ್ದನೇನೋ. ಪಕ್ಕದ ಕೆಂಪು ಚಟ್ನಿಯಂತೂ ಅವನಿಗೆ ಗೊತ್ತೇ ಇರಲಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ್ದು, ನಮ್ಮ ಕಡೆಗೆ ತಂದವರು ಪೋರ್ಚುಗೀಸರು. ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಅದಕ್ಕೂ ಕೊಟ್ಟು ಒಳಗೆ ಕರೆದುಕೊಂಡರು.

ಕಷ್ಟಕಾಲವೂ ಅಡುಗೆ ಬದಲಿಸಿದೆ. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿಂದ ಅಕ್ಕಿ ಬರುವುದು ನಿಂತಿತು. ಆ ಯುದ್ಧದ ಕಾಲದ ಅಕ್ಕಿ ಕೊರತೆಯಲ್ಲೇ ರವೆ ಇಡ್ಲಿ ಹುಟ್ಟಿತು ಎಂದು ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. 1950ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಕರೆಂಟಿನ ಗ್ರೈಂಡರ್ ಬಂತು. ಆಮೇಲೆ ಮಿಕ್ಸಿ, ಕುಕ್ಕರ್ ಹಳ್ಳಿ ಮನೆಗಳಿಗೂ ಬಂದವು.

ಹಾಗಾದರೆ ಅಜ್ಜಿ ಹೇಳಿದ್ದು ಪೂರ್ತಿ ತಪ್ಪೇ? ಅಲ್ಲ. ಕಲ್ಲು ನಿಧಾನ ತಿರುಗುವುದರಿಂದ ಹಿಟ್ಟು ಬಿಸಿಯಾಗುವುದಿಲ್ಲ, ಉದ್ದು ಚೆನ್ನಾಗಿ ಉಬ್ಬುತ್ತದೆ. ಮಿಕ್ಸಿಯಲ್ಲಿ ಹಿಟ್ಟು ಬೇಗ ಕಾಯುತ್ತದೆ. ಅದಕ್ಕೆ ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ರುಬ್ಬಬೇಕು. ಒಂದು ಚೂರು ಉದ್ದಿನ ಹಿಟ್ಟನ್ನು ನೀರಿಗೆ ಹಾಕಿ, ತೇಲಿದರೆ ಹದ ಬಂದಿದೆ. ಹಿಟ್ಟು ಉಬ್ಬಿಸುವ ಬ್ಯಾಕ್ಟೀರಿಯಾ ಉದ್ದಿನಲ್ಲೇ ಇರುತ್ತವೆ. ಚಳಿಗಾಲದಲ್ಲಿ ಅವಕ್ಕೆ ಬೆಚ್ಚನೆ ಜಾಗ, ಹೆಚ್ಚು ಹೊತ್ತು ಬೇಕು. ಕುಕ್ಕರಿನಲ್ಲಿ ಬೇಯಿಸುವಾಗ ವಿಶಲ್ ಹಾಕಬೇಡಿ, ಹತ್ತು ಹನ್ನೆರಡು ನಿಮಿಷ ಸಾಕು. ಪಾತ್ರೆ ಬದಲಾದರೂ ಈ ಹದ ತಪ್ಪಬಾರದು.

ನಿಜವಾದ ನಷ್ಟ ಬೇರೆ ಕಡೆ ಇದೆ. ಅಜ್ಜಿಯ ಲೆಕ್ಕ ಪಾವಿನದು: ಒಂದು ಪಾವು ಉದ್ದು, ಎರಡು ಪಾವು ಅಕ್ಕಿ ತರಿ. ಪಾವು ಅಂದರೆ ಸೇರಿನ ಕಾಲು ಭಾಗ, ಆದರೆ ಸೇರೇ ಊರಿಂದೂರಿಗೆ ಬೇರೆ. 1956ರ ಕಾಯ್ದೆಯಿಂದ ಅಂಗಡಿಗೆ ಕಿಲೋ, ಲೀಟರ್ ಬಂದವು. ಅಡುಗೆಮನೆಯಲ್ಲಿ ಪಾವು ಉಳಿಯಿತು. ಇಡ್ಲಿಗಾದರೆ ಒಂದಕ್ಕೆರಡು ಅಂದರೆ ಸಾಕು, ಯಾವ ಲೋಟವಾದರೂ ನಡೆಯುತ್ತದೆ. ಆದರೆ ಹುಳಿಪುಡಿಗೆ, ಉಪ್ಪಿನಕಾಯಿಗೆ "ಒಂದು ಹಿಡಿ", "ಕಣ್ಣಳತೆ" ಎಂದರೆ ಯಾರ ಹಿಡಿ, ಯಾರ ಕಣ್ಣು?

ಅಜ್ಜಿ ಹೋದ ಮೇಲೆ ಅವರ ಹುಳಿಪುಡಿಯ ರುಚಿ ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಅದನ್ನು ಕಳೆದದ್ದು ಮಿಕ್ಸಿಯಲ್ಲ. ಕೇಳಿ ಬರೆದುಕೊಳ್ಳದ ನಾವು.

ಈಗ ಅಮ್ಮ ಪುಡಿ ಹುರಿಯುವಾಗ ನಾವು ಪಕ್ಕದಲ್ಲಿ ಕೂರುತ್ತೇವೆ. ಅವರು ಹಿಡಿಯಲ್ಲಿ ತೆಗೆದದ್ದನ್ನು ಮೊದಲು ತಕ್ಕಡಿಗೆ ಹಾಕಿ, ಗ್ರಾಂ ಬರೆದುಕೊಂಡು, ಆಮೇಲೆ ಬಾಣಲೆಗೆ ಬಿಡುತ್ತೇವೆ. "ಇದೇನ್ರೋ ರೇಷನ್ ಅಂಗಡಿ ಮಾಡಿದ್ದೀರಿ" ಅಂತ ಅಮ್ಮ ನಗುತ್ತಾರೆ. ನಗಲಿ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಈ ಭಾನುವಾರವೇ ಫೋನಿನಲ್ಲಿ ಅವರ ಕೈಯಳತೆ, ಅವರ ಮಾತು ಎರಡನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳಿ.