ಕಾಕ್‌ಪಿಟ್‌ನಲ್ಲಿ ಊಟೋಪಚಾರ

ಪ್ರಯಾಣಿಕ ವಿಮಾನದ ಪೈಲಟ್‌ಗಳು ಹಾರಾಟದ ನಡುವೆ ತಮ್ಮ ಆಸನದಲ್ಲೇ ಕುಳಿತು ಉಣ್ಣುವ, ಕುಡಿಯುವ ರೂಢಿ ಮತ್ತು ಅದರ ಸುತ್ತ ಬೆಳೆದ ಕಟ್ಟಳೆಗಳು. ಹೊಟ್ಟೆ ಖಾಲಿಯಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ಗಮನ ಚದುರುತ್ತದೆ. ನೀರು ಕಡಿಮೆಯಾದರೆ ವಿಮಾನದೊಳಗಿನ ಒಣಗಾಳಿಯಲ್ಲಿ ತಲೆನೋವು, ಆಯಾಸ ಬೇಗ ಹತ್ತುತ್ತವೆ. ಆದ್ದರಿಂದ ದೂರದ ಹಾರಾಟದಲ್ಲಿ ಊಟವೂ ಕೆಲಸದ ಒಂದು ಭಾಗ. ಇಬ್ಬರು ಪೈಲಟ್‌ಗಳು ಒಂದೇ ಬಗೆಯ ಊಟ ಮಾಡುವುದಿಲ್ಲ ಎಂಬುದು ಈ ವಿಷಯದಲ್ಲಿ ಎಲ್ಲರೂ ಬಲ್ಲ ಸಂಗತಿ. ಆದರೆ ನಡೆದ ಘಟನೆಗಳನ್ನು ಸಾಲಾಗಿ ನೋಡಿದರೆ, ಕಾಕ್‌ಪಿಟ್‌ನಲ್ಲಿ ತಟ್ಟೆಗಿಂತ ಲೋಟವೇ ಹೆಚ್ಚು ತಂಟೆ ಮಾಡಿದೆ.

ಮೊದಲ ಪೀಳಿಗೆಯ ಪೈಲಟ್‌ಗಳದು ಬುತ್ತಿಯ ಕಾಲ. 1919ರ ಜೂನ್‌ನಲ್ಲಿ ಎಲ್ಲಿಯೂ ಇಳಿಯದೆ ಅಟ್ಲಾಂಟಿಕ್ ದಾಟಿದ ಆಲ್ಕಾಕ್ ಮತ್ತು ಬ್ರೌನ್ ಸ್ಯಾಂಡ್‌ವಿಚ್, ಚಾಕೊಲೇಟ್, ಕಾಫಿ ಕಟ್ಟಿಕೊಂಡು ಹೊರಟಿದ್ದರು. 1927ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಒಬ್ಬನೇ ಹಾರಿದ ಚಾರ್ಲ್ಸ್ ಲಿಂಡ್‌ಬರ್ಗ್ ಐದು ಸ್ಯಾಂಡ್‌ವಿಚ್ ಮತ್ತು ನೀರು ಇಟ್ಟುಕೊಂಡಿದ್ದ. ಪ್ಯಾರಿಸ್ ತಲುಪಿದರೆ ಇದಕ್ಕಿಂತ ಹೆಚ್ಚು ಬೇಕಾಗದು, ತಲುಪದಿದ್ದರೂ ಬೇಕಾಗದು ಎಂಬುದು ಅವನ ಲೆಕ್ಕ. ಮೂವತ್ತಮೂರು ಗಂಟೆ ಮೀರಿದ ಆ ಹಾರಾಟದಲ್ಲಿ ಅವನ ದೊಡ್ಡ ಶತ್ರು ಹಸಿವಲ್ಲ, ನಿದ್ದೆ. ಫ್ರಾನ್ಸ್‌ನ ನೆಲ ಕಂಡ ಮೇಲೆಯೇ ಅವನು ಸ್ಯಾಂಡ್‌ವಿಚ್ ಬಿಚ್ಚಿದ್ದು. ಸುತ್ತಿದ ಕಾಗದವನ್ನು ಕಿಟಕಿಯಾಚೆ ಎಸೆಯಹೋಗಿ, ಈ ದೇಶಕ್ಕೆ ತನ್ನ ಮೊದಲ ಕಾಣಿಕೆ ಕಸವಾಗಬಾರದೆಂದು ಒಳಗೇ ಇಟ್ಟುಕೊಂಡ. 1932ರಲ್ಲಿ ಒಬ್ಬಳೇ ಅಟ್ಲಾಂಟಿಕ್ ದಾಟಿದ ಅಮೀಲಿಯಾ ಇಯರ್‌ಹಾರ್ಟ್ ಟೊಮೆಟೊ ರಸದ ಡಬ್ಬಿಗೆ ತೂತು ಕೊರೆದು ಕೊಳವೆಯಿಂದ ಹೀರಿದಳು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಭಾರತದಲ್ಲಿ ಟಾಟಾ ಕಂಪನಿಯ ಟಪಾಲು ವಿಮಾನ ಸೇವೆ ಆರಂಭವಾಯಿತು. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ತಂದ ಪುಟ್ಟ ಪಸ್ ಮಾತ್ ವಿಮಾನವನ್ನು ನೆವಿಲ್ ವಿಂಟ್ಸೆಂಟ್ ಅಲ್ಲಿಂದ ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಅಂಥ ವಿಮಾನಗಳು ಪೆಟ್ರೋಲಿಗಾಗಿ ದಾರಿಯಲ್ಲಿ ಇಳಿಯಲೇಬೇಕಿತ್ತು. ಹಾಗಾಗಿ ಊಟ ನೆಲದ ಮೇಲೆಯೇ ಆಗಬಹುದಿತ್ತು. ವಿಮಾನಗಳು ದೊಡ್ಡದಾಗಿ, ನಿಲ್ದಾಣಗಳ ನಡುವಿನ ಅಂತರ ಹಿಗ್ಗಿ, ಒಳಗೇ ಅಡುಗೆ ಬಿಸಿ ಮಾಡುವ ಗ್ಯಾಲಿ ಬಂದ ಮೇಲೆ ಪೈಲಟ್‌ನ ಬುತ್ತಿ ‘ಕ್ರೂ ಮೀಲ್’ ಆಯಿತು.

ಎರಡು ಬಗೆಯ ಊಟದ ಹಿಂದಿನ ಭಯಕ್ಕೆ ಜನಪ್ರಿಯ ರೂಪ ಕೊಟ್ಟವನು ಒಬ್ಬ ಕಥೆಗಾರ. ಮುಂದೆ ‘ಏರ್‌ಪೋರ್ಟ್’ ಕಾದಂಬರಿಯಿಂದ ಲೋಕಪ್ರಸಿದ್ಧನಾದ ಆರ್ಥರ್ ಹೇಲಿ ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದವನು. ಇಬ್ಬರು ಪೈಲಟ್‌ಗಳೂ ಊಟದ ವಿಷದಿಂದ ಬಿದ್ದುಹೋದರೆ, ಯುದ್ಧಕಾಲದಲ್ಲಿ ಹಾರಾಡಿ ಬಿಟ್ಟ ಪ್ರಯಾಣಿಕನೊಬ್ಬ ವಿಮಾನ ಇಳಿಸಬೇಕಾಗಿ ಬಂದರೆ ಎಂಬ ಊಹೆಯ ಮೇಲೆ ಅವನು ಬರೆದ ಟಿ.ವಿ. ನಾಟಕ 1956ರಲ್ಲಿ ಕೆನಡಾದಲ್ಲಿ ಪ್ರಸಾರವಾಯಿತು. ಮರುವರ್ಷವೇ ಅದು ‘ಝೀರೋ ಅವರ್’ ಎಂಬ ಚಿತ್ರವಾಯಿತು. 1980ರಲ್ಲಿ ಅದೇ ಕಥೆಯನ್ನು ಹಿಡಿದು ನಗೆಯಾಡಿದ ‘ಏರ್‌ಪ್ಲೇನ್’ ಬಂದ ಮೇಲೆ ಮೀನೂಟ ಉಂಡ ಪೈಲಟ್ ಅಂದರೆ ಇಂಗ್ಲಿಷ್ ಬಲ್ಲ ಜಗತ್ತಿಗೆಲ್ಲ ತಮಾಷೆಯ ಮಾತಾಯಿತು.

ನಾಟಕಕ್ಕೂ ನಗೆಚಿತ್ರಕ್ಕೂ ನಡುವೆ, 1975ರ ಫೆಬ್ರವರಿಯಲ್ಲಿ, ಕಲ್ಪನೆ ನಿಜವಾಗುವ ಅಂಚಿಗೆ ಬಂದಿತ್ತು. ಜಪಾನ್ ಏರ್‌ಲೈನ್ಸ್‌ನ ಒಂದು ಬೋಯಿಂಗ್ 747 ವಿಮಾನ 344 ಪ್ರಯಾಣಿಕರೊಂದಿಗೆ ಟೋಕಿಯೊದಿಂದ ಅಲಾಸ್ಕಾದ ಆಂಕರೇಜ್ ಮತ್ತು ಕೋಪನ್‌ಹೇಗನ್ ಮಾರ್ಗವಾಗಿ ಪ್ಯಾರಿಸ್‌ಗೆ ಹೊರಟಿತ್ತು. ಕೋಪನ್‌ಹೇಗನ್ ಸಮೀಪಿಸುವ ಹೊತ್ತಿಗೆ ಬೆಳಗಿನ ತಿಂಡಿಗೆ ಹ್ಯಾಮ್ ಹಾಕಿದ ಆಮ್ಲೆಟ್ ಬಡಿಸಿದರು. ಸ್ವಲ್ಪ ಹೊತ್ತಿನಲ್ಲೇ ಪ್ರಯಾಣಿಕರಿಗೆ ವಾಂತಿ, ಭೇದಿ, ಹೊಟ್ಟೆನುಲಿತ ಶುರುವಾಯಿತು. 196 ಪ್ರಯಾಣಿಕರೂ ಒಬ್ಬ ಗಗನಸಖಿಯೂ ಕಾಯಿಲೆ ಬಿದ್ದರು. 140ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ರೋಗಿಗಳ ಜಪಾನಿ ಭಾಷೆ ಅರಿಯದ ಡೆನ್ಮಾರ್ಕ್‌ನ ವೈದ್ಯರಿಗೆ ನೆರವಾಗಲು ಊರಿನ ಜಪಾನಿ ಹೋಟೆಲುಗಳ ಕೆಲಸಗಾರರನ್ನು ಕರೆಸಬೇಕಾಯಿತು. ಆಂಕರೇಜ್‌ನ ಅಡುಗೆಮನೆಯಲ್ಲಿ ಬೆರಳಿಗೆ ಕೀವುಗುಳ್ಳೆಯಾಗಿದ್ದ ಅಡುಗೆಯವನೊಬ್ಬ ಆ ಹ್ಯಾಮ್ ಮುಟ್ಟಿದ್ದ. ಅವನ ಕೈಯಿಂದ ಬಂದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾಗಳು, ಸಾಕಷ್ಟು ತಂಪಿಲ್ಲದೆ ಗಂಟೆಗಟ್ಟಲೆ ಕಾದ ಆಹಾರದಲ್ಲಿ ಹೆಚ್ಚಿ ವಿಷ ಕಾರಿದ್ದವು. ಈ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ.

ಪೈಲಟ್‌ಗಳಿಗೆ ಏನೂ ಆಗಲಿಲ್ಲ. ಅದರ ಹಿಂದೆ ಯಾರ ಮುನ್ನೆಚ್ಚರಿಕೆಯೂ ಇರಲಿಲ್ಲ. ಅವರು ವಿಮಾನ ಹತ್ತಿದ್ದು ಆಂಕರೇಜ್‌ನಲ್ಲಿ. ಅವರ ದೇಹದ ಗಡಿಯಾರಕ್ಕೆ ಅದು ರಾತ್ರಿಯೂಟದ ಸಮಯ, ತಿಂಡಿಯದಲ್ಲ. ಹಾಗಾಗಿ ಆಮ್ಲೆಟ್ ಬಿಟ್ಟು ಮಾಂಸದೂಟ ಮಾಡಿದ್ದರು. ಅಡುಗೆ ಒದಗಿಸಿದ ಕಂಪನಿಯ ಹಿರಿಯ ಅಧಿಕಾರಿಯೊಬ್ಬ ಮಾತ್ರ ಆ ಅವಮಾನ ತಾಳದೆ ಆತ್ಮಹತ್ಯೆ ಮಾಡಿಕೊಂಡ.

ಪೈಲಟ್ ಮತ್ತು ಸಹಪೈಲಟ್ ಬೇರೆ ಬೇರೆ ಊಟ ಮಾಡಬೇಕು, ಅದೂ ಬೇರೆ ಬೇರೆ ಹೊತ್ತಿನಲ್ಲಿ, ಎಂಬ ಪದ್ಧತಿಯನ್ನು ಈ ಪ್ರಕರಣ ಗಟ್ಟಿಮಾಡಿತು. ಇದು ಎಲ್ಲ ದೇಶಗಳ ಕಾನೂನು ಎಂಬ ನಂಬಿಕೆ ಸರಿಯಲ್ಲ. ಅಮೆರಿಕದ ವಿಮಾನಯಾನ ನಿಯಮಗಳಲ್ಲಿ ಹೀಗೊಂದು ಆಜ್ಞೆ ಇಲ್ಲ. ಕಂಪನಿಗಳು ತಮ್ಮ ಕೈಪಿಡಿಗಳಲ್ಲಿ ತಾವೇ ಹಾಕಿಕೊಂಡ ಕಟ್ಟು ಅದು. ಭಯವಂತೂ ನಿರಾಧಾರವಲ್ಲ. 2010ರಿಂದ 2014ರವರೆಗಿನ ಪ್ರಕರಣಗಳನ್ನು ಪರಿಶೀಲಿಸಿದ ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ, ದೊಡ್ಡ ವಿಮಾನಗಳ ಪೈಲಟ್‌ಗಳು ಹಾರಾಟದಲ್ಲಿ ಅಶಕ್ತರಾಗಲು ಹೊಟ್ಟೆಯ ಕಾಯಿಲೆಯೇ ಮೊದಲ ಕಾರಣವೆಂದೂ, ನೆಲದಿಂದ ಬಿಡುವ ಲೇಸರ್ ಬೆಳಕು ಎರಡನೆಯದೆಂದೂ ಕಂಡುಕೊಂಡಿತು.

ಇನ್ನು ಕುಡಿತದ ಮಾತು. ಇಲ್ಲಿಯೂ ಚರಿತ್ರೆ ಆಂಕರೇಜ್‌ಗೇ ಕರೆದೊಯ್ಯುತ್ತದೆ. 1977ರ ಜನವರಿಯಲ್ಲಿ, ಅದೇ ಜಪಾನ್ ಏರ್‌ಲೈನ್ಸ್‌ನ ಡಿಸಿ-8 ಸರಕು ವಿಮಾನ ದನಗಳನ್ನು ಹೇರಿಕೊಂಡು ಜಪಾನಿಗೆ ಹೊರಟು, ಮೇಲೇರುತ್ತಿದ್ದಂತೆಯೇ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಐವರೂ ಸತ್ತರು. ಅಮೆರಿಕದವನಾಗಿದ್ದ ಕ್ಯಾಪ್ಟನ್ ವಿಪರೀತ ಕುಡಿದಿದ್ದನೆಂದು ತನಿಖೆ ಹೇಳಿತು. ಸಿಬ್ಬಂದಿಯನ್ನು ನಿಲ್ದಾಣಕ್ಕೆ ಬಿಟ್ಟ ಟ್ಯಾಕ್ಸಿ ಚಾಲಕ ಅವನ ಸ್ಥಿತಿ ನೋಡಿ ತನ್ನ ಕಚೇರಿಗೆ ತಿಳಿಸಿದ್ದ. ಜೊತೆಗಾರರು ಮಾತ್ರ ಅವನನ್ನು ತಡೆದಿರಲಿಲ್ಲ. 1990ರಲ್ಲಿ ಅಮೆರಿಕದ ಫಾರ್ಗೊದಿಂದ ಮಿನಿಯಾಪೊಲಿಸ್‌ಗೆ ಹಾರಿದ ನಾರ್ತ್‌ವೆಸ್ಟ್ ವಿಮಾನ ಸುರಕ್ಷಿತವಾಗಿ ಇಳಿದರೂ, ಹಿಂದಿನ ರಾತ್ರಿ ಕುಡಿದಿದ್ದ ಅದರ ಮೂವರು ಚಾಲಕ ಸಿಬ್ಬಂದಿ ಜೈಲು ಸೇರಿದರು. ಅಮೆರಿಕದಲ್ಲಿ ಕುಡಿದ ಮೇಲೆ ಎಂಟು ಗಂಟೆ ಕಳೆಯದೆ ವಿಮಾನ ಮುಟ್ಟುವಂತಿಲ್ಲ. ಭಾರತದಲ್ಲಿ ಈ ಅವಧಿ 12 ಗಂಟೆ. ಹಾರಾಟಕ್ಕೆ ಮೊದಲು ಉಸಿರಿನ ಪರೀಕ್ಷೆಯಲ್ಲಿ ಮದ್ಯದ ಸುಳಿವೇ ಇರಬಾರದು. ಮೊದಲ ತಪ್ಪಿಗೆ ಮೂರು ತಿಂಗಳು ಲೈಸೆನ್ಸ್ ಅಮಾನತು, ಎರಡನೆಯದಕ್ಕೆ ಮೂರು ವರ್ಷ. 2023ರಲ್ಲಿ ತಿದ್ದಿದ ನಿಯಮ, ಮದ್ಯಸಾರವಿರುವ ಬಾಯಿ ಮುಕ್ಕಳಿಸುವ ದ್ರವವನ್ನೂ ಬಿಡಲಿಲ್ಲ.

ಊಟ ಯಾವಾಗ ಮಾಡಬಾರದು ಎಂಬುದಕ್ಕೆ ಸ್ಪಷ್ಟ ಗೆರೆ ಬಿದ್ದದ್ದು 1981ರಲ್ಲಿ. 1974ರಲ್ಲಿ ಅಮೆರಿಕದ ಷಾರ್ಲೆಟ್ ಬಳಿ ಮಂಜಿನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ವಿಮಾನದ ಪೈಲಟ್‌ಗಳು ಲೋಕಾಭಿರಾಮ ಮಾತಿನಲ್ಲಿ ಎತ್ತರದ ಮೇಲಿನ ಗಮನ ಕಳೆದುಕೊಂಡು, 70ಕ್ಕೂ ಹೆಚ್ಚು ಜನ ಸತ್ತಿದ್ದರು. ಅಂಥ ಅಪಘಾತಗಳ ನಂತರ ಬಂದ ನಿಯಮ 10,000 ಅಡಿಗಿಂತ ಕೆಳಗೆ ಹಾರಾಟಕ್ಕೆ ಬೇಡದ ಕೆಲಸಗಳನ್ನೆಲ್ಲ ನಿಷೇಧಿಸಿತು. ಊಟ ಮಾಡುವುದನ್ನು ಅದು ಹೆಸರು ಹಿಡಿದೇ ಹೇಳಿದೆ.

2001ರ ಸೆಪ್ಟೆಂಬರ್ ದಾಳಿಯ ಬಳಿಕ ಕಾಕ್‌ಪಿಟ್ ಬಾಗಿಲು ಗುಂಡಿಗೂ ಜಗ್ಗದ ಕೋಟೆಬಾಗಿಲಾಯಿತು. ಒಂದು ಕಪ್ ಕಾಫಿ ಒಳಗೆ ಹೋಗಬೇಕಾದರೂ ಇಂಟರ್‌ಕಾಮ್‌ನಲ್ಲಿ ಹೇಳಿ, ಹೊರಗೆ ಯಾರಿದ್ದಾರೆಂದು ಒಳಗಿನವರು ನೋಡಿ, ಆಮೇಲೆ ಬಾಗಿಲು ತೆರೆಯಬೇಕು. ಕುಡಿದದ್ದು ಹೊರಹೋಗಲೇಬೇಕಲ್ಲ, ಆಗಲೂ ಇದೇ ಕವಾಯತು. ಇದನ್ನು ತಪ್ಪಿಸಿಕೊಳ್ಳಲು ನೀರನ್ನೇ ಕಡಿಮೆ ಕುಡಿಯುವ ಪೈಲಟ್‌ಗಳೂ ಇದ್ದಾರೆ.

ಆಸನದ ವಿನ್ಯಾಸವೂ ಊಟದ ರೀತಿಯನ್ನು ಬದಲಿಸಿದೆ. 1988ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ320ರಲ್ಲಿ ವಿಮಾನ ನಡೆಸುವ ಹಿಡಿಕೆ ಪಕ್ಕಕ್ಕೆ ಸರಿದು, ಪೈಲಟ್‌ನ ಮುಂದೆ ಎಳೆದುಕೊಳ್ಳುವ ಪುಟ್ಟ ಮೇಜು ಬಂತು. ಬೋಯಿಂಗ್ ಪೈಲಟ್ ಮಾತ್ರ ಕಾಲುಗಳ ನಡುವೆ ಎದ್ದುನಿಂತ ಹಿಡಿಕೆಯ ಹಿಂದೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಣ್ಣುತ್ತಾನೆ. ಕಾಫಿಯ ರುಚಿಯಲ್ಲಿ ಎರಡೂ ಒಂದೇ. ಒಳಗಿನ ಗಾಳಿಯೊತ್ತಡ ಆರೆಂಟು ಸಾವಿರ ಅಡಿ ಬೆಟ್ಟದ ಮೇಲಿನಷ್ಟಿರುವುದರಿಂದ ನೀರು 92–94 ಡಿಗ್ರಿಗೇ ಕುದಿಯುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು 97 ಡಿಗ್ರಿ. ಇಲ್ಲಿನ ಫಿಲ್ಟರ್ ಕಾಫಿಗೆ ಒಗ್ಗಿದ ನಾಲಗೆಗೆ ವಿಮಾನದ ಕಾಫಿ ಸಪ್ಪೆ ಎನಿಸುವುದರಲ್ಲಿ ಕುದಿತದ ಪಾಲೂ ಇದೆ.

ಆ ಸಪ್ಪೆ ಕಾಫಿಯೇ ದೊಡ್ಡ ವಿಮಾನಗಳನ್ನು ದಾರಿ ತಪ್ಪಿಸಿದೆ. 2011ರ ಜನವರಿಯಲ್ಲಿ ಷಿಕಾಗೊದಿಂದ ಫ್ರಾಂಕ್‌ಫರ್ಟ್‌ಗೆ ಹೊರಟ ಯುನೈಟೆಡ್ ವಿಮಾನದ ಸಂಪರ್ಕ ಉಪಕರಣದ ಮೇಲೆ ಕಾಫಿ ಚೆಲ್ಲಿ, ಅದು ತಾನಾಗಿ ಅಪಹರಣದ ಸಂಕೇತವಾದ 7500 ಸಂಖ್ಯೆಯನ್ನು ಕಳಿಸಿಬಿಟ್ಟಿತು. ವಿಮಾನ ಟೊರಾಂಟೊದಲ್ಲಿ ಇಳಿಯಿತು. 2019ರ ಫೆಬ್ರವರಿಯಲ್ಲಿ ಫ್ರಾಂಕ್‌ಫರ್ಟ್‌ನಿಂದ ಮೆಕ್ಸಿಕೊದ ಕಾಂಕುನ್‌ಗೆ ಹೊರಟ ಕಾಂಡೋರ್ ಕಂಪನಿಯ ಎ330ರಲ್ಲಿ, ಅಟ್ಲಾಂಟಿಕ್ ಮೇಲೆ, ಮೇಜಿನ ಮೇಲೆ ಮುಚ್ಚಳವಿಲ್ಲದೆ ಇಟ್ಟ ಕಪ್ ಉರುಳಿ ಧ್ವನಿ ನಿಯಂತ್ರಣ ಫಲಕ ಬಿಸಿಯೇರಿ ಕೆಟ್ಟಿತು. ಆಮೇಲೆ ಎರಡನೆಯ ಫಲಕದಿಂದಲೂ ಹೊಗೆ ಬಂತು. ವಿಮಾನ ಐರ್ಲೆಂಡ್‌ನ ಶಾನನ್‌ನಲ್ಲಿ ಇಳಿಯಿತು. ಕಪ್ ಇಡಲು ಅಲ್ಲೊಂದು ಹಿಡಿಯಿತ್ತು. ಆದರೆ ಆ ಮಾರ್ಗದಲ್ಲಿ ಬಳಸುತ್ತಿದ್ದ ಕಪ್‌ಗಳು ಅದರಲ್ಲಿ ಸಲೀಸಾಗಿ ಕೂರುತ್ತಿರಲಿಲ್ಲವಾದ್ದರಿಂದ ಪೈಲಟ್‌ಗಳು ಮೇಜಿನ ಮೇಲೆಯೇ ಇಡುತ್ತಿದ್ದರು. ಸರಿಯಾದ ಅಳತೆಯ ಕಪ್ ಕೊಡುವುದೇ ಪರಿಹಾರದ ಭಾಗವಾಯಿತು. ಅದೇ ವರ್ಷದ ನವೆಂಬರ್‌ನಲ್ಲೂ 2020ರ ಜನವರಿಯಲ್ಲೂ ಎ350 ವಿಮಾನಗಳ ನಡುಫಲಕದ ಮೇಲೆ ಪಾನೀಯ ಚೆಲ್ಲಿ, ಎರಡರಲ್ಲೂ ಒಂದೊಂದು ಎಂಜಿನ್ ನಿಂತುಹೋಯಿತು. ಆಮೇಲೆ ಯುರೋಪಿನ ಸುರಕ್ಷತಾ ಸಂಸ್ಥೆ ಆ ಜಾಗವನ್ನು ದ್ರವ ತರಬಾರದ ವಲಯವೆಂದು ಸಾರಿತು.

ಭಾರತದಲ್ಲಿ ಈ ಪಾಠ ನೆನಪಾದದ್ದು 2023ರ ಹೋಳಿ ಹಬ್ಬಕ್ಕೆ. ದೆಹಲಿಯಿಂದ ಗುವಾಹಟಿಗೆ ಹೊರಟ ಖಾಸಗಿ ಕಂಪನಿಯೊಂದರ ವಿಮಾನದಲ್ಲಿ ಎಂಜಿನ್ ನಿಯಂತ್ರಿಸುವ ನಡುಫಲಕದ ಮೇಲೆ ಪಾನೀಯದ ಕಪ್ ಇಟ್ಟು, ಗುಜಿಯಾ, ಅಂದರೆ ನಮ್ಮ ಕರ್ಜಿಕಾಯಿಯ ಉತ್ತರದ ನೆಂಟ, ಹಿಡಿದ ಚಿತ್ರ ಹರಿದಾಡಿತು. ಇಬ್ಬರು ಪೈಲಟ್‌ಗಳನ್ನೂ ಕೆಲಸದಿಂದ ದೂರವಿಟ್ಟರು. ಕ್ರೂ ಮೀಲ್‌ನ ಜಗಳಗಳು ಇದಕ್ಕಿಂತ ಹಗುರ. 2019ರ ಮಾರ್ಚ್‌ನಲ್ಲಿ ಏರ್ ಇಂಡಿಯಾ, ಬರ್ಗರ್, ಸೂಪು ಎಂದು ವಿಶೇಷ ಊಟ ತರಿಸಿಕೊಳ್ಳಬೇಡಿರೆಂದು ಪೈಲಟ್‌ಗಳಿಗೆ ಸುತ್ತೋಲೆ ಕಳಿಸಿತು. ಮೂರು ತಿಂಗಳಲ್ಲಿ, ಜೂನ್‌ನಲ್ಲಿ, ಬೆಂಗಳೂರಿನಿಂದ ಕೋಲ್ಕತ್ತಕ್ಕೆ ಹೊರಡಬೇಕಿದ್ದ ಅದೇ ಕಂಪನಿಯ ವಿಮಾನ ನೆಲದಲ್ಲೇ ಒಂದು ಗಂಟೆಗೂ ಮೀರಿ ನಿಂತಿತು. ಕ್ಯಾಪ್ಟನ್ ಮನೆಯಿಂದ ತಂದ ಊಟದ ಡಬ್ಬಿಯನ್ನು ತೊಳೆಯುವವರು ಯಾರು ಎಂಬುದರ ಮೇಲೆ ಅವನಿಗೂ ಕ್ಯಾಬಿನ್ ಸಿಬ್ಬಂದಿಗೂ ಜಟಾಪಟಿ ಹತ್ತಿತ್ತು.