ಕೀರ್ತನೆಯ ಅಂಚಿನಲ್ಲೊಂದು ತಾರೀಖು

ಕಾಲೇಜಿನ ಪುಸ್ತಕಗಳ ಅಂಚಿನಲ್ಲಿ ಗೀಚಿಡುವ ಹುಡುಗರನ್ನು ನಾನು ಎಷ್ಟೋ ಸಲ ಗದರಿಸಿದ್ದುಂಟು. ಒಂದು ಪುಸ್ತಕದ ಅಂಚಿನಲ್ಲಿ ಬರೆದಿಟ್ಟ ಒಂದೇ ಒಂದು ತಾರೀಖಿನ ಸಂಗತಿಯನ್ನು ಓದಿದ ಮೇಲೆ, ಆ ಗದರಿಕೆ ಮೊದಲಿನಷ್ಟು ಸಲೀಸಾಗಿ ಬಾಯಿಗೆ ಬರುತ್ತಿಲ್ಲ.

ಆ ಪುಸ್ತಕ ಬೈಬಲು. ಅದರ ಒಡೆಯ ಡೀಟ್ರಿಖ್ ಬಾನ್‌ಹೋಫರ್, 1906ರಲ್ಲಿ ಹುಟ್ಟಿದ ಜರ್ಮನ್ ಪಾದ್ರಿ. 74ನೆಯ ಕೀರ್ತನೆಯ 8ನೆಯ ವಚನದ ಪಕ್ಕದಲ್ಲಿ ಆತ ಬರೆದುಕೊಂಡದ್ದು ಇಷ್ಟೇ: 9.11.38.

ಬೈಬಲಿನ ಈ ಭಾಗಕ್ಕೆ ಕನ್ನಡದಲ್ಲಿ 'ಕೀರ್ತನೆಗಳು' ಎಂದು ಹೆಸರು. ಅದರ ಸಾಲುಗಳಿಗೆ 'ವಚನ' ಎಂದು. ದಾಸರೂ ಶರಣರೂ ಒಂದೇ ಮನೆಯಲ್ಲಿ ಇಳಿದುಕೊಂಡಂತಿದೆ! ಹೆಸರು ಕೇಳಿ, ಒಳಗೆಲ್ಲ ಸ್ತುತಿಯೇ ಇದ್ದೀತೆಂದು ನಾನು ಪುಸ್ತಕ ತೆರೆದೆ. ಅಲ್ಲಿನ 150 ಹಾಡುಗಳಲ್ಲಿ ಸ್ತುತಿಯೇನೋ ಇದೆ. ಅದರ ಜತೆಗೆ ಅಳಲು, ದೂರು, ದೇವರೊಡನೆ ಜಗಳ, ಹಗೆಗಳಿಗೆ ಶಾಪ, ಇವೂ ಧಾರಾಳವಾಗಿವೆ. ಶಾಪವನ್ನು ಪ್ರಾರ್ಥನೆ ಎನ್ನಲು ನನಗಿನ್ನೂ ಸಂಕೋಚವೇ. ಅದು ಹಾಗಿರಲಿ. 74ನೆಯದು ದೂರಿನ ಹಾಡು. ದೇಗುಲ ಹಾಳಾದುದನ್ನು ಕಂಡ ಯೆಹೂದಿ ಕವಿ, ಹಗೆಗಳು ನಾಡಿನ ಆರಾಧನಾ ಮಂದಿರಗಳನ್ನೆಲ್ಲ ಸುಟ್ಟುಬಿಟ್ಟರೆಂದು ದೇವರೆದುರು ಮೊರೆಯಿಡುವುದು 8ನೆಯ ವಚನದಲ್ಲಿ.

1938ರ ನವೆಂಬರ್ 9ರ ರಾತ್ರಿ ಜರ್ಮನಿಯಲ್ಲಿ ನಡೆದದ್ದೂ ಅದೇ. ನಾಜಿಗಳು ಸಾವಿರಕ್ಕೂ ಹೆಚ್ಚು ಯೆಹೂದಿ ಮಂದಿರಗಳನ್ನು ಸುಟ್ಟರು, ಒಡೆದರು. ಅಂಗಡಿಗಳ ಗಾಜೆಲ್ಲ ಬೀದಿಗೆ ಬಿತ್ತು. ಸುಮಾರು 30,000 ಗಂಡಸರನ್ನು ಸೆರೆಶಿಬಿರಗಳಿಗೆ ಎಳೆದೊಯ್ದರು. ಕ್ರೈಸ್ತ ಚರ್ಚುಗಳು ಬಹುಮಟ್ಟಿಗೆ ಸುಮ್ಮನಿದ್ದವು. ಮುಂದಿನ ಭಾನುವಾರ ಅಲ್ಲಿ ಹಾಡಿದ ಕೀರ್ತನೆಗಳೂ ಯೆಹೂದಿಗಳು ಕಟ್ಟಿದವೇ ಅಲ್ಲವೆ?

ಬಾನ್‌ಹೋಫರನಿಗೆ ತನ್ನದೇ ಸಂಕಟವಿರಲಿಲ್ಲವೆಂದಲ್ಲ. ಫಿಂಕೆನ್‌ವಾಲ್ಡೆಯಲ್ಲಿ ಆತ ನಡೆಸುತ್ತಿದ್ದ, ದಿನವೂ ಕೀರ್ತನೆಗಳನ್ನು ಹೇಳಿಕೊಳ್ಳುತ್ತಿದ್ದ ಪಾದ್ರಿಗಳ ಶಿಕ್ಷಣಶಾಲೆಯನ್ನು ಗೆಸ್ಟಾಪೊ 1937ರಲ್ಲಿ ಮುಚ್ಚಿಸಿತ್ತು. ನಾನಾಗಿದ್ದರೆ ಆ ದಿನವನ್ನೇ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದೆನೋ ಏನೋ. ಕಷ್ಟಕಾಲದಲ್ಲಿ ನಾವು ದೇವರ ಮುಂದೆ ತೆರೆಯುವ ಗಂಟು ಸಾಮಾನ್ಯವಾಗಿ ನಮ್ಮದೇ. ಆತ ಬರೆದದ್ದು ನೆರೆಯವನ ಮನೆಗೆ ಬೆಂಕಿ ಬಿದ್ದ ದಿನವನ್ನು. ಅಷ್ಟೇ ಅಲ್ಲ, ಮುಂದಿನ ವಚನದ ಕೆಳಗೂ ಗೆರೆ ಎಳೆದ. ಈಗ ನಮ್ಮಲ್ಲಿ ಪ್ರವಾದಿಗಳೇ ಇಲ್ಲ, ಇದೆಲ್ಲ ಎಲ್ಲಿಯವರೆಗೋ ಬಲ್ಲವರೂ ಇಲ್ಲ ಎಂದು ಅದರ ಭಾವ. ಆ ಗೆರೆ ಬಾಯಿ ಬಿಡದ ತನ್ನ ಚರ್ಚನ್ನೇ ಕುರಿತದ್ದೆಂದು ನನ್ನ ಊಹೆ.

ಅದೇ ತಿಂಗಳು, ಚದುರಿಹೋಗಿದ್ದ ಶಿಷ್ಯರಿಗೆ ಕಳಿಸಿದ ಸುತ್ತೋಲೆಯಲ್ಲಿ, ಈಚೆಗೆ 74ನೆಯ ಕೀರ್ತನೆ ತನ್ನನ್ನು ಬಹಳವಾಗಿ ಕಾಡುತ್ತಿದೆಯೆಂದು ತಿಳಿಸಿ, ಬೈಬಲಿನ ಇನ್ನು ಕೆಲವು ಸ್ಥಳಗಳ ಅಂಕೆಗಳನ್ನು ಕಾಣಿಸಿದ. ಪುಟ ತಿರುವಿ ನೋಡಿದವನಿಗೆ ಯಾವ ಬೆಂಕಿಯ ಮಾತೆಂದು ತಿಳಿಯದೆ ಇರುತ್ತಿರಲಿಲ್ಲ.

ಬೈಬಲಿನ ಹಳೆಯ ಒಡಂಬಡಿಕೆ ಯೆಹೂದಿಗಳದು, ಅದು ನಮಗೆ ಬೇಡವೆಂದು ನಾಜಿಪಕ್ಷಪಾತಿ ಕ್ರೈಸ್ತರು ಕೂಗಾಡುತ್ತಿದ್ದ ಕಾಲ ಅದು. ಅಂಥಲ್ಲಿ ಆತ 1940ರಲ್ಲಿ, ಕೀರ್ತನೆಗಳೇ ಬೈಬಲಿನ ಪ್ರಾರ್ಥನಾಗ್ರಂಥವೆಂದು ಒಂದು ಚಿಕ್ಕ ಹೊತ್ತಗೆ ಬರೆದ. 1941ರಲ್ಲಿ ಆತನ ಬರಹಗಳ ಪ್ರಕಟಣೆಗೇ ನಿಷೇಧ ಬಂತು. ಯೆಹೂದಿಗಳನ್ನು ಸ್ವಿಟ್ಜರ್ಲೆಂಡಿಗೆ ದಾಟಿಸಿದ ಗುಪ್ತಕಾರ್ಯದಲ್ಲೂ ಹಿಟ್ಲರನ ವಿರುದ್ಧದ ಸಂಚಿನಲ್ಲೂ ಸೇರಿದ್ದ ಬಾನ್‌ಹೋಫರನನ್ನು 1943ರ ಏಪ್ರಿಲ್ 5ರಂದು ಹಿಡಿದು ಬರ್ಲಿನ್ನಿನ ಟೇಗಲ್ ಸೆರೆಮನೆಗೆ ಹಾಕಿದರು. ಮೇ ತಿಂಗಳಲ್ಲಿ ಅಲ್ಲಿಂದ ತಂದೆತಾಯಿಗಳಿಗೆ ಬರೆದ ಕಾಗದದಲ್ಲಿ, ವರ್ಷಗಳಿಂದ ಮಾಡಿಕೊಂಡು ಬಂದಂತೆ ಕೀರ್ತನೆಗಳನ್ನು ನಿತ್ಯವೂ ಓದುತ್ತಿದ್ದೇನೆಂದು ತಿಳಿಸಿದ. ಕೆಲವನ್ನು ಓದುವಾಗ ಹೈನ್ರಿಖ್ ಶ್ಯೂಟ್ಸನ ಸಂಗೀತ ಕಿವಿಯಲ್ಲಿ ಮೊಳಗುತ್ತದೆಂಬ ಮಾತೂ ಅದರಲ್ಲಿದೆ.

74ನೆಯ ಕೀರ್ತನೆಗೆ ದೇವರು ಉತ್ತರ ಕೊಡುವುದಿಲ್ಲ. ಹಗೆಗಳ ಗದ್ದಲ ಏರುತ್ತಲೇ ಇದೆಯೆಂಬಲ್ಲಿಗೆ ಅದು ನಿಂತುಹೋಗುತ್ತದೆ. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಬಾನ್‌ಹೋಫರನನ್ನು ಗಲ್ಲಿಗೇರಿಸಿದರು. ಆಗ ವಯಸ್ಸು 39. ಅಮೆರಿಕದ ಸೈನ್ಯ ಆ ಶಿಬಿರವನ್ನು ತಲುಪಿದ್ದು 23ರಂದು.