ಹೆಸರಿಲ್ಲದ ಹಡಗುಗಳು

ಕಾಲವನ್ನು ನಮೂದಿಸದ ಶಾಸನವೊಂದು ದೊರೆತಾಗ ವಿದ್ವಾಂಸರು ಮೊದಲು ನೋಡುವುದು ಅಕ್ಷರಗಳ ಆಕಾರವನ್ನು. ತಲೆಕಟ್ಟು ಹೇಗಿದೆ, ಗೆರೆ ಎಷ್ಟು ದುಂಡಗಾಗಿದೆ ಎಂಬುದರಿಂದ ಅದರ ಶತಮಾನವನ್ನು ಊಹಿಸುತ್ತಾರೆ. ಹಸ್ತಪ್ರತಿಗಳ ಪಾಠಾಂತರಗಳ ನಡುವೆ ಬಹುಕಾಲ ಕಳೆದ ನನಗೆ, ಹಳೆಯ ಛಾಯಾಚಿತ್ರಗಳಲ್ಲಿರುವ ಯುದ್ಧನೌಕೆಗಳನ್ನು ಗುರುತಿಸುವವರ ಕೆಲಸ ಪರಕೀಯವೆನಿಸದಿರುವುದು ಇದರಿಂದಲೇ. ಚಿತ್ರದ ಹಿಂಬದಿಯಲ್ಲಿ ಯಾರೋ ಸೀಸದ ಕಡ್ಡಿಯಿಂದ ಹಡಗಿನ ಹೆಸರನ್ನು ಬರೆದಿರುತ್ತಾರೆ. ಅದನ್ನು ಕಡೆಯಲ್ಲಿ ಓದುವುದು ಲೇಸು. ಪ್ರತಿಯಿಂದ ಪ್ರತಿಗೆ ಲಿಪಿಕಾರನ ತಪ್ಪು ಸಾಗಿಬರುವಂತೆ, ಆಲ್ಬಮ್ಮಿನಿಂದ ಆಲ್ಬಮ್ಮಿಗೆ ತಪ್ಪು ಹೆಸರೂ ಸಾಗಿಬರುತ್ತದೆ.

ಬ್ರಿಟಿಷ್ ನೌಕಾಪಡೆಯ ಐದು ಸೋದರಿ ನೌಕೆಗಳನ್ನು ಉದಾಹರಣೆಗೆ ನೋಡಬಹುದು: ಕ್ವೀನ್ ಎಲಿಜಬೆತ್, ವಾರ್‌ಸ್ಪೈಟ್, ವೇಲಿಯಂಟ್, ಮಲಯ, ಬಾರಮ್. 1915-16ರಲ್ಲಿ ಅವು ಸೇವೆಗೆ ಬಂದಾಗ ಪ್ರತಿಯೊಂದಕ್ಕೂ 15 ಅಂಗುಲದ ಎಂಟು ಫಿರಂಗಿಗಳು, ಎರಡು ಹೊಗೆಕೊಳವೆಗಳು. ದೂರದಿಂದ ತೆಗೆದ ಚಿತ್ರದಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟ. ಆದರೆ ಹೊಗೆಯು ಮೇಲೆ ನಿಂತು ಗುರಿ ನೋಡುವವರ ಕಣ್ಣಿಗೆ ಅಡ್ಡಬರುತ್ತಿದ್ದುದರಿಂದ, 1924ರಿಂದ ಮೊದಲುಗೊಂಡು ಒಂದೊಂದೇ ಹಡಗಿನ ಎರಡು ಕೊಳವೆಗಳನ್ನು ಒಂದಾಗಿ ಕೂಡಿಸಿದರು. ಮೊದಲ ಸರದಿ ವಾರ್‌ಸ್ಪೈಟಿನದು, ಕಡೆಯದು ಬಾರಮ್ಮಿನದು. ಆದ್ದರಿಂದ 1930ರ ಕೊನೆಯದೆಂದು ಬೇರೆ ಆಧಾರದಿಂದ ತಿಳಿದ ಚಿತ್ರದಲ್ಲಿ, ಈ ಸೋದರಿಯರಲ್ಲೊಂದು ಎರಡು ಕೊಳವೆಗಳೊಡನೆ ಕಂಡರೆ ಅದು ಬಾರಮ್ಮೇ ಆಗಿರಬೇಕು. ಮುಂದೆ ಮೂರು ನೌಕೆಗಳು ಕೋಟೆಯ ಬುರುಜಿನಂಥ ಹೊಸ ಮೇಲ್ಕಟ್ಟಡವನ್ನು ಪಡೆದವು. ಮಲಯದ ಕೊಳವೆಯ ಪಕ್ಕದಲ್ಲಿ ವಿಮಾನಗಳ ಗೂಡು ಎದ್ದಿತು. ಬಾರಮ್ ಮಾತ್ರ ತನ್ನ ಮೂರು ಕಾಲಿನ ಹಳೆಯ ಕೂವೆಕಂಬವನ್ನೂ ಹಳೆಯ ಮುಖಲಕ್ಷಣವನ್ನೂ ಬಹುಮಟ್ಟಿಗೆ ಉಳಿಸಿಕೊಂಡಿತು.

ಹಾಗೆಂದು ಕೊಳವೆಗಳನ್ನು ಎಣಿಸಿ ನಿಶ್ಚಿಂತರಾಗುವಂತಿಲ್ಲ. ಮದರಾಸಿನ ಮೇಲೆ 1914ರ ಸೆಪ್ಟೆಂಬರ್ 22ರಂದು ಗುಂಡು ಹಾರಿಸಿದ ಜರ್ಮನ್ ಕ್ರೂಸರ್ ಎಮ್ಡನ್‌ಗೆ ಇದ್ದುದು ಮೂರೇ ಕೊಳವೆ. ಅದೇ ಅಕ್ಟೋಬರ್ 28ರಂದು ಪೆನಾಂಗ್ ಬಂದರನ್ನು ಹೊಕ್ಕಾಗ ಅದು ಹುಸಿಯಾದ ನಾಲ್ಕನೆಯದನ್ನು ನಿಲ್ಲಿಸಿಕೊಂಡು ಬ್ರಿಟಿಷ್ ನೌಕೆಯ ವೇಷದಲ್ಲಿ ಬಂದಿತ್ತು. ಅಲ್ಲಿ ಲಂಗರು ಹಾಕಿದ್ದ ರಷ್ಯದ ಕ್ರೂಸರ್ ಜೆಮ್ಚುಗ್ ಮುಳುಗಿತು. ನಮ್ಮ ಪ್ರಕ್ಷಿಪ್ತ ಪದ್ಯಗಳು ಇಷ್ಟು ಅಪಾಯಕರವಾಗಿರಲಿಲ್ಲವೆನ್ನಬೇಕು! ಎರಡನೆಯ ಮಹಾಯುದ್ಧದಲ್ಲಂತೂ ಸೆನ್ಸಾರಿನವರು ರಾಡಾರ್ ಸಲಕರಣೆಗಳನ್ನೂ ಹಡಗಿನ ಸಂಖ್ಯೆಯನ್ನೂ ಚಿತ್ರಗಳಿಂದ ಅಳಿಸಿಹಾಕುತ್ತಿದ್ದರು.

ಮುಳುಗಿಹೋದ ಹಡಗಿನ ಹೆಸರು ತಪ್ಪಿದರೆ ಯಾರಿಗೇನು ಹಾನಿಯೆಂದು ಕೇಳುವವರಿದ್ದಾರೆ. ಅವರು ಬಾರಮ್ಮಿನ ಕೊನೆಯನ್ನು ತಿಳಿಯಬೇಕು.

1941ರ ನವೆಂಬರ್ 25ರಂದು ಪೂರ್ವ ಮೆಡಿಟರೇನಿಯನ್ ಸಮುದ್ರದಲ್ಲಿ ಯು-331 ಎಂಬ ಜರ್ಮನ್ ಜಲಾಂತರ್ಗಾಮಿಯ ಮೂರು ಟಾರ್ಪೆಡೊಗಳು ಅದಕ್ಕೆ ತಗುಲಿದವು. ನಾಲ್ಕೈದು ನಿಮಿಷಗಳೊಳಗೆ ಹಡಗು ಮಗ್ಗುಲಾಗಿ ಹೊರಳಿ, ಮದ್ದಿನ ಕೋಣೆ ಸಿಡಿದು, ಸುಮಾರು 860 ಮಂದಿ ಸತ್ತರು. ಜೊತೆಯಲ್ಲಿದ್ದ ವೇಲಿಯಂಟಿನ ಮೇಲಿಂದ ವಾರ್ತಾಚಿತ್ರದ ಛಾಯಾಗ್ರಾಹಕ ಜಾನ್ ಟರ್ನರ್ ಇದನ್ನೆಲ್ಲ ಚಿತ್ರೀಕರಿಸಿದರು. ಕೂಡಲೆ ಆಳಕ್ಕೆ ಮುಳುಗಿದ ಜಲಾಂತರ್ಗಾಮಿಯ ನಾಯಕನಿಗೆ ತಾನು ಹೊಡೆದ ಹಡಗು ನಾಶವಾಯಿತೆಂಬುದು ತಿಳಿಯಲಿಲ್ಲ. ಈ ಅಜ್ಞಾನವನ್ನು ಕಾಪಾಡಲು ಬ್ರಿಟಿಷ್ ನೌಕಾಡಳಿತ ಸುದ್ದಿಯನ್ನು ಮುಚ್ಚಿಟ್ಟಿತು. ಸತ್ತವರ ಮನೆಗೆ ಪತ್ರ ಹೋದಾಗಲೂ ಆಪ್ತ ಬಂಧುಗಳ ಹೊರತು ಯಾರಿಗೂ ಹೇಳಬಾರದೆಂಬ ಕೋರಿಕೆ ಅದರಲ್ಲಿತ್ತು. ಬಾಯಿಬಿಟ್ಟು ಅಳಲೂ ಅವಕಾಶವಿರಲಿಲ್ಲ. ಪ್ರಕಟಣೆ ಹೊರಬಂದದ್ದು 1942ರ ಜನವರಿ ಕೊನೆಯಲ್ಲಿ.

ಟರ್ನರ್ ತೆಗೆದ ಆ ಸ್ಫೋಟದ ದೃಶ್ಯ ಮುಂದೆ ಸಿನಿಮಾದವರ ಸರಕಾಯಿತು. 1956ರಲ್ಲಿ ಬಂದ ಹಾರುವ ತಟ್ಟೆಗಳ ಅಮೆರಿಕನ್ ಚಿತ್ರವೊಂದರಲ್ಲಿ, ಅನ್ಯಗ್ರಹದವರ ದಾಳಿಗೆ ಅಮೆರಿಕದ ಯುದ್ಧನೌಕೆ ಸಿಡಿದಂತೆ ಅದನ್ನೇ ಜೋಡಿಸಿದ್ದಾರೆ. ಮೂಲ ಚಿತ್ರದಲ್ಲಿ ವಾಲುತ್ತಿರುವ ಹಡಗಿನ ಮಗ್ಗುಲ ಮೇಲೆ ಇರುವೆಗಳಂತೆ ಸರಿದಾಡುವ ಕಪ್ಪು ಚುಕ್ಕೆಗಳಿವೆ. ಅವು ಬಾರಮ್ಮಿನ ನಾವಿಕರು. ಅವರಲ್ಲಿ ಕೆಲವರು ಈಜಿ ಬದುಕಿದರು.